ಬಡಗಿಗೊಂದು ಸೂರು

‘ಸಾಲೆ’ ಎಂದರೆ ನಮ್ಮ ಕಡೆ ಮಕ್ಕಳು ಓದುವ ಜಾಗ ಮಾತ್ರವಲ್ಲ, ಕೈಕೆಲಸ ನಡೆಯುವ ಜಾಗವೂ ಹೌದು. ಅಕ್ಕಸಾಲೆಯ ಹೆಸರಿನ ಬಾಲದಲ್ಲೇ ಅದು ಕೂತಿದೆ. ಕಮ್ಮಾರನಿಗೆ ಕಮ್ಮಾರಸಾಲೆ ಇದೆ, ಕುಲುಮೆ ಇದೆ. ಕುಂಬಾರನಿಗೆ ಆವಿಗೆ, ಗಾಣಿಗನಿಗೆ ಗಾಣದಮನೆ, ನೇಕಾರನಿಗೆ ಮಗ್ಗದ ಗುಂಡಿ, ಅಗಸನಿಗೆ ಹಳ್ಳದ ಬಂಡೆ. ಬಡಗಿಗೆ ಏನಿದೆ? ಚೌಳಹಿರಿಯೂರು ಹೋಬಳಿಯ ಊರುಗಳಲ್ಲಿ ಎರಡು ವರ್ಷದಿಂದ ಹಿರಿಯರನ್ನು ಕೇಳುತ್ತಾ ಬಂದಿದ್ದೇನೆ. ‘ಬಡಗಿಸಾಲೆ’ ಎಂಬ ಮಾತನ್ನು ಯಾರ ಬಾಯಲ್ಲೂ ಕೇಳಲಿಲ್ಲ. ‘ಆಚಾರ್ರು ಬೇವಿನ ಮರದ ಕೆಳಗೆ ಕೂತ್ಕೋತಿದ್ರು’ ಎಂದರು. ‘ಕುಲುಮೆ ಪಕ್ಕ’ ಎಂದರು. ‘ಯಾರ ಮನೆ ಕೆಲ್ಸವೋ ಅವ್ರ ಹಿತ್ತಲಲ್ಲಿ’ ಎಂದರು.

ನನ್ನ ಸಂಶೋಧನೆಯ ವಿಷಯ ಹಳೆಯ ಕಡೂರು ಜಿಲ್ಲೆಯ ಮರದ ಚರಿತ್ರೆ. ಇವತ್ತಿನ ಚಿಕ್ಕಮಗಳೂರು ಜಿಲ್ಲೆಗೆ ಸ್ವಾತಂತ್ರ್ಯದ ಹೊತ್ತಿನವರೆಗೂ ಕಡೂರು ಜಿಲ್ಲೆ ಎಂದೇ ಹೆಸರು. ಮರದ ಚರಿತ್ರೆ ಎಂದ ಕೂಡಲೇ ಕೇಳುವವರ ಕಣ್ಣು ಪಡುವಣಕ್ಕೆ ಹೋಗುತ್ತದೆ. ಬಾಬಾಬುಡನ್‌ಗಿರಿ, ಕೆಮ್ಮಣ್ಣುಗುಂಡಿ, ಲಕ್ಕವಳ್ಳಿಯ ಕಾಡು, ತೇಗ, ಬೀಟೆ, ಹೊನ್ನೆ, ಮತ್ತಿ. ಚೌಳಹಿರಿಯೂರು ಇರುವುದು ಇನ್ನೊಂದು ಮಗ್ಗುಲಲ್ಲಿ, ಬಯಲಿನಲ್ಲಿ. ಇಲ್ಲಿ ಕಾಡಿಲ್ಲ, ಮರವಿದೆ. ಹೊಲದ ಬದುವಿನ ಬೇವು, ಕೆರೆ ಅಂಗಳದ ಕರಿಜಾಲಿ, ತೋಟದ ಮೂಲೆಯ ಹಲಸು, ಊರ ಮುಂದಿನ ಹುಣಸೆ, ಹೊಂಗೆ, ತೆಂಗು. ಕಾಡಿನ ಮರಕ್ಕೆ ಕಡತವಿದೆ, ಅಳತೆಯಿದೆ, ಹರಾಜಿನ ಲೆಕ್ಕವಿದೆ. ಬದುವಿನ ಮರ ಯಾವ ಕಡತಕ್ಕೂ ಸುಲಭಕ್ಕೆ ಸಿಗುವುದಿಲ್ಲ. ಆದರೆ ನೇಗಿಲು, ಗಾಡಿ, ಬಾಗಿಲು, ತೊಲೆ, ತೊಟ್ಟಿಲು, ಕೊನೆಗೆ ಚಟ್ಟ, ಎಲ್ಲವೂ ಆಗಿದ್ದು ಈ ಮರದಲ್ಲೇ.

ಲೂಯಿ ರೈಸ್ ಬರೆದ ಮೈಸೂರು ಗೆಜೆಟಿಯರ್ 1870ರ ದಶಕದಲ್ಲಿ ಬಂತು, 1897ರಲ್ಲಿ ಪರಿಷ್ಕೃತವಾಯಿತು. ಹಳ್ಳಿಯ ಹನ್ನೆರಡು ಆಯಗಾರರ ಪಟ್ಟಿ ಅದರಲ್ಲಿದೆ. ಗೌಡ, ಶಾನುಭೋಗ, ತಳವಾರ, ತೋಟಿ, ನೀರಗಂಟಿ ಇವರ ನಡುವೆ ಬಡಗಿಯೂ ಒಬ್ಬ. ಸುಗ್ಗಿಯಲ್ಲಿ ಕಣದ ರಾಶಿಯಿಂದ ಇಷ್ಟೆಂದು ಕಾಳು ಅಳೆದುಕೊಡುವುದು ಆಯ. ಅದಕ್ಕೆ ಪ್ರತಿಯಾಗಿ ವರ್ಷವಿಡೀ ನೇಗಿಲು, ಕುಂಟೆ, ಕೂರಿಗೆ, ನೊಗ ರಿಪೇರಿ ಮಾಡಿಕೊಡುವುದು ಬಡಗಿಯ ಪಾಲಿನ ದುಡಿಮೆ. ಹೊಸ ಗಾಡಿ, ಹೊಸ ಮನೆಗೆ ಬೇರೆ ಕೂಲಿ. ಗಮನಿಸಬೇಕಾದದ್ದು, ಈ ವ್ಯವಸ್ಥೆಯಲ್ಲಿ ಬಡಗಿ ಮರವನ್ನು ಕೊಳ್ಳುವುದೂ ಇಲ್ಲ, ಮಾರುವುದೂ ಇಲ್ಲ. ಮರ ರೈತನದು. ಬಡಗಿಯದು ಬಾಚಿ, ಉಳಿ, ಕೊಡತಿ, ಬೈರಿಗೆ. ಕುಲುಮೆಯನ್ನು ಹೊತ್ತು ತಿರುಗಲಾಗದು, ಆವಿಗೆಯನ್ನು ಹೊತ್ತು ತಿರುಗಲಾಗದು. ಬಡಗಿಯ ಹತಾರದ ಚೀಲವನ್ನು ಹೆಗಲಿಗೆ ಹಾಕಿಕೊಂಡು ಮರ ಬಿದ್ದಲ್ಲಿಗೆ ಹೋಗಬಹುದು. ಹೀಗಾಗಿ ಊರಿಗೆಲ್ಲ ಸೂರು ಕೂರಿಸಿದವನ ಕೆಲಸಕ್ಕೆ ಸೂರೇ ಹುಟ್ಟಲಿಲ್ಲ. ಇದನ್ನು ನಾನು ಬಡತನದ ಕತೆಯಾಗಿ ಮಾತ್ರ ಓದುವುದಿಲ್ಲ, ಆದರೆ ಬಡತನವೂ ಅದರಲ್ಲಿದೆ. ಮಾಡಿಟ್ಟು ಮಾರಬೇಕೆಂದರೆ ಇಡಲು ಜಾಗ ಬೇಕು, ಒಣಗಿಸಲು ಮರ ಬೇಕು. ಎರಡೂ ಇಲ್ಲದವನು ಕರೆದಾಗ ಹೋಗಬೇಕು.

ಬಡಗಿ ಎಂಬುದು ‘ವರ್ಧಕಿ’ಯ ತದ್ಭವ. 12ನೆಯ ಶತಮಾನದ ವಚನಕಾರರಲ್ಲಿ ಹತಾರವನ್ನೇ ಹೆಸರಿಗೆ ಸೇರಿಸಿಕೊಂಡ ಬಾಚಿಕಾಯಕದ ಬಸವಯ್ಯ ಇದ್ದಾನೆ, ಅವನ ಹೆಂಡತಿ ಕಾಳವ್ವೆಯೂ ವಚನಕಾರ್ತಿ. ಅಲ್ಲಿಯೂ ಹೆಸರಾಗಿ ನಿಂತದ್ದು ಕೈಯಲ್ಲಿ ಹಿಡಿಯುವ ಬಾಚಿ, ಕೂರುವ ಜಾಗವಲ್ಲ.

ಪಟ್ಟಿಯಲ್ಲಿ ಹೆಸರೇ ಇಲ್ಲದ ಇನ್ನೊಬ್ಬರಿದ್ದಾರೆ. ಮರ ಕೊಯ್ಯುವವರು. ಬಡಗಿಯ ಕೈಗೆ ಮರ ಬರುವ ಮೊದಲು ಅದು ಹಲಗೆಯಾಗಬೇಕು, ತೊಲೆಯಾಗಬೇಕು. ಅದಕ್ಕೆ ಇಬ್ಬರು ಆಳು, ಒಂದು ಉದ್ದ ಗರಗಸ. ದಿಮ್ಮಿಯನ್ನು ಕವಲುಗೋಲುಗಳ ಮೇಲೆ ಎತ್ತಿ ಕೂರಿಸುತ್ತಿದ್ದರು, ಇಲ್ಲವೇ ನೆಲದಲ್ಲಿ ಆಳೆತ್ತರದ ಗುಂಡಿ ತೋಡಿ ಅದರ ಮೇಲೆ ಅಡ್ಡಲಾಗಿ ಮಲಗಿಸುತ್ತಿದ್ದರು. ಇದ್ದಿಲ ನೀರಿನಲ್ಲಿ ಅದ್ದಿದ ದಾರವನ್ನು ಎರಡು ತುದಿಗೆ ಹಿಡಿದು, ನಡುವೆ ಎಳೆದು ಬಿಟ್ಟರೆ ಮರದ ಮೇಲೆ ಕಪ್ಪುಗೆರೆ ಮೂಡುತ್ತದೆ. ಮೇಲೆ ನಿಂತವನು ಗೆರೆ ನೋಡಿಕೊಂಡು ಎಳೆಯುತ್ತಾನೆ. ಕೆಳಗಿನವನು ಕಣ್ಣಿಗೆ ಬೀಳುವ ಹೊಟ್ಟನ್ನು ತಡೆಯಲು ತಲೆಗೆ ಬಟ್ಟೆ ಸುತ್ತಿಕೊಂಡು, ಗೆರೆ ಕಾಣದೆಯೇ, ಮೇಲಿನವನನ್ನು ನಂಬಿ ಎಳೆಯುತ್ತಾನೆ. ಒಂದು ಮನೆಗೆ ಬೇಕಾದ ಮರ ಕೊಯ್ಯಲು ವಾರಗಟ್ಟಲೆ ಅದೇ ಹಿತ್ತಲಲ್ಲಿ ಉಳಿಯುತ್ತಿದ್ದರಂತೆ. ಬಡಗಿಯ ಹೆಸರನ್ನು ಮನೆಯವರು ಮೂರು ತಲೆಮಾರು ನೆನಪಿಡುತ್ತಾರೆ. ಕೊಯ್ದವರ ಹೆಸರು ಹೇಳಿದವರು ನನಗೆ ಇನ್ನೂ ಸಿಕ್ಕಿಲ್ಲ.

ಆದರೆ ಅವರ ಗುರುತು ಮರದ ಮೇಲೆ ಉಳಿದಿದೆ. ಹಳೆಯ ಮನೆಯ ಅಟ್ಟ ಹತ್ತಿ ತೊಲೆಯ ಮಗ್ಗುಲಿಗೆ ಟಾರ್ಚನ್ನು ಓರೆಯಾಗಿ ಹಿಡಿದರೆ ಮರ ಓದಿಸಿಕೊಳ್ಳುತ್ತದೆ. ಮೀನಿನ ಹುರುಪೆಯಂಥ ತಗ್ಗುಗಳಿದ್ದರೆ ಅದು ಬಾಚಿಯಿಂದ ಕೆತ್ತಿದ್ದು, ಗರಗಸ ಕಂಡದ್ದಲ್ಲ. ನೇರವಾದ, ಆದರೆ ಒಂದಕ್ಕೊಂದು ಸಮವಲ್ಲದ, ಅಲ್ಲಲ್ಲಿ ಓರೆ ಬದಲಿಸುವ ಗೀರುಗಳಿದ್ದರೆ ಅದು ಇಬ್ಬರು ಎಳೆದ ಕೈಗರಗಸ. ಓರೆ ಬದಲಾದ ಕಡೆ ಯಾರೋ ನಿಂತು ಉಸಿರೆಳೆದುಕೊಂಡಿದ್ದಾರೆ, ಇಲ್ಲವೇ ಜಾಗ ಅದಲುಬದಲಾಗಿದ್ದಾರೆ. ಬಿಲ್ಲಿನಂತೆ ಬಾಗಿದ ಗೀರುಗಳಿದ್ದರೆ ಅದು ದುಂಡು ಗರಗಸದ ಮಿಲ್ಲು. ನೇರ, ಸಮ, ಒಂದೇ ಅಂತರದ ಸಣ್ಣ ಗೀರುಗಳು ಪಟ್ಟಿ ಗರಗಸದವು. ಒಂದೇ ಮನೆಯಲ್ಲಿ ನಡುಮನೆಯ ತೊಲೆ ಬಾಚಿಯದು, ಜಗಲಿಯ ತೊಲೆ ಕೈಗರಗಸದ್ದು, ಹಿಂದೆ ಸೇರಿಸಿದ ಕೋಣೆಯದು ಮಿಲ್ಲಿನದು ಆಗಿರುವುದನ್ನು ನೋಡಿದ್ದೇನೆ. ಶಾಸನ ಓದುವವರಿಗೆ ಇರುವ ಸುಖ ಇದರಲ್ಲೂ ಇದೆ. ತೊಂದರೆ ಏನೆಂದರೆ ಈ ಶಾಸನಗಳು ಲಾರಿ ಹತ್ತುತ್ತಿವೆ. ಹಳೆಯ ಕಂಬ, ಬೋದಿಗೆ, ಬಾಗಿಲುವಾಡಗಳನ್ನು ಕೊಂಡುಹೋಗುವವರು ಊರೂರಿಗೆ ಬರುತ್ತಾರೆ. ಅವು ರೆಸಾರ್ಟಿನಲ್ಲೋ ನಗರದ ಮನೆಯ ವರಾಂಡದಲ್ಲೋ ಪಾಲಿಶ್ ಹೊಡೆಸಿಕೊಂಡು ನಿಲ್ಲುವ ಹೊತ್ತಿಗೆ ಗೀರುಗಳನ್ನು ಮರಳುಕಾಗದ ಉಜ್ಜಿ ತೆಗೆದಿರುತ್ತದೆ.

ಇಷ್ಟು ಹತ್ತಿರ ಮಲೆನಾಡಿದ್ದೂ ಬಯಲಿನ ಮನೆಗಳು ಬೇವು, ಜಾಲಿಯಲ್ಲಿ ಯಾಕೆ ನಿಂತವು? ದೂರ ಒಂದು ಕಾರಣ, ಒಡೆತನ ದೊಡ್ಡ ಕಾರಣ. ಶ್ರೀಗಂಧ ಅರಸರ ಮರವಾಗಿತ್ತು. 1864ರಲ್ಲಿ ಮೈಸೂರಿನ ಅರಣ್ಯ ಇಲಾಖೆ ಹುಟ್ಟಿತು, 1900ರಲ್ಲಿ ಅರಣ್ಯ ರೆಗ್ಯುಲೇಷನ್ ಬಂತು, ಒಳ್ಳೆಯ ಮರಗಳು ಒಂದೊಂದಾಗಿ ಸರ್ಕಾರದ ಪಟ್ಟಿ ಸೇರಿದವು. ಬೆಂಗಳೂರಿನಿಂದ ಹರಿಹರದ ಕಡೆಗೆ ರೈಲು ಕಡೂರು, ಬೀರೂರು, ಅಜ್ಜಂಪುರ ಹಾದು ಹೋದದ್ದು 1880ರ ದಶಕದಲ್ಲಿ. ರೈಲಿಗೆ ಸ್ಲೀಪರು ಬೇಕು, ಸೌದೆ ಬೇಕು. ಆಮೇಲೆ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಕಾಡಿನೊಳಗೆ ಟ್ರಾಮ್ ಹಳಿ ಹೋಯಿತು. 1923ರಲ್ಲಿ ಭದ್ರಾವತಿಯ ಕುಲುಮೆಗೆ ಬೆಂಕಿ ಬಿತ್ತು. ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸಿದ್ದು ಕಲ್ಲಿದ್ದಲಲ್ಲ, ಮಲೆನಾಡಿನ ಮರ ಸುಟ್ಟ ಇದ್ದಿಲು. ಆ ಕಾರ್ಖಾನೆಯ ಮೊದಲ ಹೆಸರಿನಲ್ಲೇ ಕಬ್ಬಿಣಕ್ಕಿಂತ ಮುಂಚೆ ಮರ ಭಟ್ಟಿಯಿಳಿಸುವ ಮಾತಿತ್ತು. ಜಿಲ್ಲೆಯ ಮರ ಹಳಿಯ ಮೇಲೆ ಹೀಗೆ ಸಾಗುತ್ತಿದ್ದಾಗ ಅದೇ ಜಿಲ್ಲೆಯ ಮೂಡಣದ ಬಡಗಿ ಬದುವಿನ ಜಾಲಿಯಲ್ಲಿ ಗಾಡಿಯ ಗುಂಭ ಕೊರೆಯುತ್ತಿದ್ದ. ನಾಡಿನ ಮರದ ಚರಿತ್ರೆ ಬರೆದವರು ಹಳಿಯ ಕಡೆಗೇ ನೋಡಿದರು. ಕಡತ ಅಲ್ಲಿದೆ, ಅದಕ್ಕೆ.

ರೈಲು ಒಯ್ದದ್ದಷ್ಟೇ ಅಲ್ಲ, ತಂದದ್ದೂ ಇದೆ. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿತು. ಆ ಮಾದರಿಯ ಹೆಂಚು ನಿಧಾನವಾಗಿ ಒಳನಾಡಿಗೂ ಬಂತು. ಅಲ್ಲಿಯತನಕ ಬಯಲುಸೀಮೆಯ ಅನುಕೂಲಸ್ಥರ ಮನೆಯೆಂದರೆ ಮಾಳಿಗೆ. ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಚಕ್ಕೆ, ಸೊಪ್ಪು, ಅದರ ಮೇಲೆ ತುಳಿದು ಬಡಿದ ಕರಲು ಮಣ್ಣು. ಮಾಳಿಗೆಗೆ ಜಂತೆ ಸೊಟ್ಟಗಿದ್ದರೂ ನಡೆಯುತ್ತದೆ, ಮಣ್ಣು ಎಲ್ಲವನ್ನೂ ಮುಚ್ಚುತ್ತದೆ. ಹೆಂಚು ಹಾಗಲ್ಲ. ಅದರ ಬೆನ್ನಿನ ಮೂಗು ರೀಪಿಗೆ ಸಿಕ್ಕಿಕೊಳ್ಳಬೇಕು. ರೀಪುಗಳು ಸುಮಾರು ಒಂದೊಂದು ಅಡಿಗೆ, ಒಂದೇ ದಪ್ಪದಲ್ಲಿ, ನೇರವಾಗಿರಬೇಕು. ಒಂದು ರೀಪು ಬೆರಳಷ್ಟು ಏರಿದರೂ ಹೆಂಚು ಬಾಯಿ ಬಿಡುತ್ತದೆ, ಮಳೆ ಒಳಗೆ. ನೂರಾರು ಅಡಿ ಒಂದೇ ಅಳತೆಯ ರೀಪನ್ನು ಬಾಚಿಯಲ್ಲಿ ಕೆತ್ತಲಾಗದು. ಕೈಗರಗಸದಲ್ಲಿ ಕೊಯ್ಯಬಹುದು, ಕೂಲಿ ಮೈಮೇಲೆ ಬರುತ್ತದೆ. ಸಾಮಿಲ್ಲನ್ನು ಬಯಲಿನ ಊರಿಗೆ ಕರೆತಂದವರು ಯಾರು ಎಂದು ಕೇಳಿದರೆ ನಾನು ಹೆಂಚಿನ ಕಡೆಗೆ ಕೈ ತೋರಿಸುತ್ತೇನೆ. ಇದು ನನ್ನ ವಾದ. ಅಟ್ಟಗಳಲ್ಲಿ ಕಂಡದ್ದು ಇದಕ್ಕೆ ಹೊಂದುತ್ತದೆ: ಮಾಳಿಗೆಯ ಭಾಗದಲ್ಲಿ ಬಾಚಿ, ಹೆಂಚಿನ ಭಾಗದಲ್ಲಿ ಗರಗಸ.

ಮಿಲ್ಲು ಬಂದ ಮೇಲೆ ಕೊಯ್ಯುವ ಜೋಡಿಗಳು ಹೋದವು. ಬಡಗಿಗೂ ಮರದ ಜತೆಗಿನ ಮೊದಲ ಭೇಟಿ ತಪ್ಪಿತು. ಯಾವ ಮರ, ಯಾವ ಬದು, ಎತ್ತ ವಾಲಿತ್ತು, ಯಾವಾಗ ಬಿತ್ತು ಎಂಬುದು ತಿಳಿಯದೆ ಅಳತೆಯ ತುಂಡುಗಳಷ್ಟೇ ಕೈಗೆ ಬಂದವು. ಆಯವೂ ಅಷ್ಟುಹೊತ್ತಿಗೆ ಸಡಿಲವಾಗಿತ್ತು. ಕಬ್ಬಿಣದ ನೇಗಿಲು, ಟೈರಿನ ಗಾಡಿ, ಆಮೇಲೆ ಟ್ರ್ಯಾಕ್ಟರು. ಬಡಗಿಗಳು ಕಡೂರು, ಬೀರೂರಿನ ಫರ್ನಿಚರ್ ಅಂಗಡಿಗಳಿಗೆ, ಬೆಂಗಳೂರಿನ ಕಟ್ಟಡಗಳಿಗೆ ಹೋದರು. 1996ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟು ಗೋದಾವರ್ಮನ್ ಪ್ರಕರಣದಲ್ಲಿ ಕೊಟ್ಟ ಆದೇಶದ ನಂತರ ದೇಶದ ತುಂಬ ಸಾಮಿಲ್ಲುಗಳ ಮೇಲೆ ಬಿಗಿ ಬಂತು. ಕಾಡಿನ ದೃಷ್ಟಿಯಿಂದ ಅದು ಬೇಕಿತ್ತು, ಅನುಮಾನವಿಲ್ಲ. ಬದುವಿನ ಒಂದು ಹಲಸನ್ನು ಕೊಯ್ಯಿಸಬೇಕಾದ ರೈತನಿಗೆ ಮಾತ್ರ ಮಿಲ್ಲು ಇನ್ನಷ್ಟು ದೂರವಾಯಿತು. ದಿಮ್ಮಿ ಸಾಗಿಸುವ ಬಾಡಿಗೆಗೆ ಪ್ಲೈವುಡ್ ಬಾಗಿಲೇ ಬರುತ್ತದೆ ಎಂದು ಲೆಕ್ಕ ಹಾಕಿ ಮರವನ್ನು ಸೌದೆಗೆ ಕೊಟ್ಟವರನ್ನು ಬಲ್ಲೆ.

ಈ ಹಿನ್ನೆಲೆ ಇರುವುದರಿಂದಲೇ ನಮ್ಮ ಹೋಬಳಿಯ ಒಂದು ಊರಿನಲ್ಲಿ ಅರವತ್ತರ ಹತ್ತಿರದ ಬಡಗಿಯೊಬ್ಬರು ತಮ್ಮ ಜಮೀನಿನ ಮರವನ್ನು ತಾವೇ ಕೊಯ್ದು ಕೆಲಸಕ್ಕೊಂದು ಸೂರು ಕಟ್ಟುತ್ತಿದ್ದಾರೆ ಎಂದು ಗೊತ್ತಾದಾಗ ನಾನು ನೋಟ್‌ಬುಕ್ ಹಿಡಿದು ಓಡಿದ್ದು. ಊರಿನವರಂತೆ ನಾನೂ ಅವರನ್ನು ಆಚಾರ್ರು ಎಂದೇ ಕರೆಯುತ್ತೇನೆ. ಅವರ ತಾತ ಮನೆ ಕಟ್ಟಿದ ಕೂಲಿಯಲ್ಲಿ ಕೊಂಡ ಒಂದೂವರೆ ಎಕರೆ ಇದೆ. ಮರ, ಹತಾರ, ನೆಲ ಮೂರೂ ಒಬ್ಬ ಬಡಗಿಯ ಕೈಯಲ್ಲಿ ಸೇರಿದ್ದನ್ನು ನನ್ನ ಕ್ಷೇತ್ರಕಾರ್ಯದಲ್ಲಿ ಕಂಡದ್ದು ಇದೊಂದೇ ಕಡೆ.

ಸೂರಿನ ಅಗಲ 16 ಅಡಿ, ಉದ್ದ 30 ಅಡಿ. ಹತ್ತತ್ತು ಅಡಿಯ ಮೂರು ಅಂಕಣ, ಎಂಟು ಕಂಬ. ಕಂಬ ಬೇವಿನದು, ಎಂಟಂಗುಲ ಚೌಕ. ಅಡ್ಡತೊಲೆ ಎರಡು ಹಳೆಯ ಹಲಸಿನ ಮರಗಳದು. ಗಳು ತೆಂಗಿನದು. ಹೋದ ದಶಕದ ಬರದಲ್ಲಿ ಕಡೂರು ತಾಲೂಕಿನ ತೆಂಗಿನ ತೋಟಗಳು ಒಣಗಿದ್ದು ಓದುಗರಿಗೆ ನೆನಪಿರಬಹುದು. ಕೊಳವೆಬಾವಿ ಬತ್ತಿ, ಸುಳಿ ಜೋತು, ಕೊನೆಗೆ ಬರೀ ಕಂಬದಂತೆ ನಿಂತ ಮರಗಳು. ಅವರ ತೋಟದಲ್ಲೂ ಹಾಗೆ ನಿಂತಿದ್ದ ಮರಗಳನ್ನು ಕಡಿದರು. ತೆಂಗಿಗೆ ಉಳಿದ ಮರಗಳಂತೆ ಚೇಗು ಇಲ್ಲ. ಅಂಚು ಕಬ್ಬಿಣ, ನಡು ಬೆಂಡು. ಆದ್ದರಿಂದ ಸಿಪ್ಪೆಯ ಕಡೆಯಿಂದ ಬೆಂಡಿನ ಕಡೆಗೆ ಸೀಳಿ ಹೊರಗಿನ ಗಟ್ಟಿಯನ್ನಷ್ಟೇ ಉಳಿಸಿಕೊಳ್ಳಬೇಕು. ಅದನ್ನು ಮೋಟಾರು ಗರಗಸದಲ್ಲಿ ಸೀಳಿಸಿದರು. 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ತೆಂಗು ಕಡಿಯಲು ಅನುಮತಿ ಬೇಕಿಲ್ಲ, ಹಲಸಿಗೆ ಅರ್ಜಿ ಹಾಕಿ ಕಾದರು.

ಹಲಸಿನ ದಿಮ್ಮಿ ಒಂದು ಮಳೆಗಾಲ ಕಟ್ಟೆಯ ನೀರಿನಲ್ಲಿ ಮುಳುಗಿತ್ತು. ಮರದ ಬಿಳಿಭಾಗದಲ್ಲಿರುವ ಸಿಹಿ ನೀರಿಗೆ ಬಿಟ್ಟುಹೋದರೆ ಹುಳು ಕೊರೆಯುವುದಿಲ್ಲ ಎಂಬುದು ಹಳಬರ ಲೆಕ್ಕ. ಹುಳು ಹುಡುಕುವುದು ಆ ಪಿಷ್ಟವನ್ನೇ ಎಂದು ಮರವಿಜ್ಞಾನವೂ ಹೇಳುತ್ತದೆ. ಮೇಲೆತ್ತಿದ ಮೇಲೆ ಕೈಗರಗಸದಲ್ಲೇ ಕೊಯ್ದರು, ಆಚಾರ್ರು ಮೇಲೆ, ಅವರ ಅಕ್ಕನ ಮಗ ಕೆಳಗೆ. ಯಾಕೆ, ಮೋಟಾರು ಗರಗಸ ಇತ್ತಲ್ಲ ಎಂದು ಕೇಳಿದೆ.

‘ಅದು ಮರ ತಿಂತದೆ ಕಣಮ್ಮ. ಬೆರಳು ದಪ್ಪ ಹೊಟ್ಟು ಮಾಡ್ತದೆ. ನಾಕು ಕೊಯ್ಲಿಗೆ ಒಂದು ಹಲಗೆ ಹೋಯ್ತು. ತೆಂಗಾದ್ರೆ ತಿನ್ಲಿ, ಹಲ್ಸು ತಿನ್ಸಕ್ಕಾಗ್ತದಾ?’

ಕಂಬಗಳು ನೆಲಕ್ಕೆ ನೆಟ್ಟವಲ್ಲ, ಗೆದ್ದಲಿಗೆ ಹೆದರಿ ಒಂದಡಿ ಎತ್ತರದ ಕಲ್ಲಿನ ಮೇಲೆ ನಿಂತಿವೆ. ಬುಡಕ್ಕೆ ಹೊಂಗೆ ಎಣ್ಣೆ ಬಳಿದಿದೆ. ಕಂಬದ ತಲೆಯನ್ನು ನಾಲಿಗೆಯಂತೆ ಕೆತ್ತಿ, ತೊಲೆಯಲ್ಲಿ ಅದೇ ಅಳತೆಯ ತೂತು ತೋಡಿ, ಎರಡನ್ನೂ ಕೂಡಿಸಿ ಅಡ್ಡಲಾಗಿ ಜಾಲಿಯ ಗೂಟ ಬಡಿದಿದ್ದಾರೆ. ನಾಲಿಗೆಯ ತೂತು ತೊಲೆಯ ತೂತಿಗೆ ಸರಿಯಾಗಿ ಕೂರುವುದಿಲ್ಲ, ಬೇಕೆಂದೇ ಎಳ್ಳಿನಷ್ಟು ಹಿಂದೆ. ಗೂಟ ಒಳಗಿಳಿಯುತ್ತಿದ್ದಂತೆ ಅದು ಕಂಬವನ್ನೂ ತೊಲೆಯನ್ನೂ ಒಂದಕ್ಕೊಂದು ಎಳೆದು ಬಿಗಿಯುತ್ತದೆ. ಗೂಟ ಚೆನ್ನಾಗಿ ಒಣಗಿರಬೇಕು, ಕಂಬ ತುಸು ಹಸಿಯಿದ್ದರೂ ಅಡ್ಡಿಯಿಲ್ಲ. ಕಂಬ ಒಣಗಿ ಕುಗ್ಗಿದಷ್ಟೂ ಗೂಟವನ್ನು ಗಟ್ಟಿಯಾಗಿ ಹಿಡಿಯುತ್ತದೆ. ಇಡೀ ಚೌಕಟ್ಟಿನಲ್ಲಿ ಮೊಳೆ ಇರುವುದು ರೀಪಿಗೆ ಮಾತ್ರ. ರೀಪು ಅಡಿಕೆ ದಬ್ಬೆಯದು, ಬಡಿದು ನೇರ ಮಾಡಿದ್ದು. ಹೆಂಚು ಕೆಡವಿದ ಮನೆಯೊಂದರಿಂದ ತಂದದ್ದು.

ಇಲ್ಲಿಂದ ಬಹಳ ದೂರವಿಲ್ಲದ ಅಮೃತಾಪುರದಲ್ಲಿ 1196ರ ಅಮೃತೇಶ್ವರ ದೇವಸ್ಥಾನವಿದೆ. ಹೊಯ್ಸಳರ ಕಾಲದ ಆ ಕಡೆದ ಕಂಬಗಳನ್ನು ನೋಡಿದವರಿಗೆ, ಅಲ್ಲಿನ ಕಲ್ಲುಕುಟಿಗರ ಕಣ್ಣೆದುರು ಕಡೆದ ಮರದ ಕಂಬಗಳು ಇದ್ದೇ ಇದ್ದವು ಎನ್ನಿಸದೆ ಇರದು. ಕಲ್ಲಿನವು ಉಳಿದವು. ಮರದವು ಗೆದ್ದಲಿಗೂ ಒಲೆಗೂ ಹೋದವು. ಆಚಾರ್ರ ಅಡ್ಡತೊಲೆಯ ಕೆಳಗೆ ಬೋದಿಗೆ ಕಂಡಾಗ ನನಗೆ ಆ ದೇವಸ್ಥಾನ ನೆನಪಾಯಿತು. ಬೋದಿಗೆ ಅಲಂಕಾರವಲ್ಲ, ತೊಲೆಯ ಭಾರ ಕಂಬಕ್ಕೆ ಇಳಿಯುವಲ್ಲಿ ಅಗಲ ಕೊಡುವ ತುಂಡು. ಅವರು ಅದರ ತುದಿಗೆ ಒಂದೇ ಒಂದು ಸುರುಳಿ ಕೆತ್ತಿದ್ದಾರೆ. ‘ಬೋಳು ಬಿಟ್ರೆ ಚೆನ್ನಾಗಿರಲ್ಲ ಅಂತ’ ಎಂದರು.

ಊರಿನವರ ಪ್ರಶ್ನೆ ಬೇರೆ. ಕಬ್ಬಿಣದ ಪೈಪು ನಿಲ್ಲಿಸಿ ಶೀಟು ಹೊದಿಸಿದ್ದರೆ ವಾರದಲ್ಲಿ ಮುಗಿಯುತ್ತಿತ್ತಲ್ಲ? ಮಗ ಬೆಂಗಳೂರಿನಲ್ಲಿ ಮಾಡ್ಯುಲರ್ ಕಿಚನ್ ಜೋಡಿಸುವ ಕೆಲಸದಲ್ಲಿದ್ದಾನೆ, ಅವನೂ ಇದನ್ನೇ ಕೇಳಿದನಂತೆ. ಅವನ ಕೆಲಸದಲ್ಲಿ ಮರವೇ ಇಲ್ಲ, ಪುಡಿಯನ್ನು ಅಂಟಿನಲ್ಲಿ ಒತ್ತಿದ ಹಲಗೆ. ಆಚಾರ್ರ ಉತ್ತರ ನೆನಪಿನ ವ್ಯಾಮೋಹದ್ದಲ್ಲ, ವ್ಯಾಪಾರದ್ದು. ತೇರಿನ ಗಾಲಿ, ಹಳೆಯ ಮನೆಯ ಬಾಗಿಲುವಾಡ ರಿಪೇರಿಗೆ ಈಗಲೂ ಕರೆ ಬರುತ್ತದೆ, ಆದರೆ ಮಾಡುವವರು ಕಡಿಮೆ. ಗಾಲಿಯನ್ನು ಸರಪಳಿಗೆ ಕಟ್ಟಿ ಎತ್ತಿ ತಿರುಗಿಸಲು ಮೇಲೆ ಗಟ್ಟಿ ತೊಲೆ ಬೇಕು. ಮಳೆಗಾಲದಲ್ಲಿ ಮರ ನೆನೆಯದೆ ಒಣಗಲು ಗಾಳಿಯಾಡುವ ಅಟ್ಟ ಬೇಕು. ಶೀಟಿನ ಬಿಸಿಗೆ ಹಲಗೆ ಸೀಳುತ್ತದೆ. ‘ಇಲ್ಲೀಗಂಟ ಕರೆದ್ರೆ ಹೋಗ್ತಿದ್ವಿ. ಇನ್ಮೇಲೆ ಕೆಲ್ಸ ಇಲ್ಲಿಗ್ ಬರ್ಲಿ’ ಎಂದರು. ಆಯಗಾರರ ಪಟ್ಟಿಯನ್ನು ಎರಡು ವರ್ಷ ಓದಿದ ನನಗೆ ಆ ಮಾತು ಸಣ್ಣದಾಗಿ ಕೇಳಲಿಲ್ಲ.

ಮಗ ಬರುತ್ತಾನೋ ಇಲ್ಲವೋ ಹೇಳಲಾಗದು. ಅಕ್ಕನ ಮಗ ಈಗ ಗರಗಸದ ಹಲ್ಲು ಮಸೆಯುವುದು ಕಲಿತಿದ್ದಾನೆ. ಒಂದು ಹಲ್ಲು ಎಡಕ್ಕೆ, ಒಂದು ಬಲಕ್ಕೆ ಬಾಗಿಸಬೇಕು, ಇಲ್ಲದಿದ್ದರೆ ಗರಗಸ ಮರದೊಳಗೆ ಸಿಕ್ಕಿಕೊಳ್ಳುತ್ತದೆ. ಅದನ್ನು ಅವನು ನನಗೂ ತೋರಿಸಿದ. ಅಡ್ಡತೊಲೆಯ ಒಂದು ಮಗ್ಗುಲನ್ನು ಉಜ್ಜದೆ ಹಾಗೇ ಬಿಡಿ ಎಂದು ನಾನು ಕೇಳಿದೆ. ಇವತ್ತಲ್ಲ ನಾಳೆ ಟಾರ್ಚು ಹಿಡಿದು ಬರುವವರಿಗೆ ಗೀರು ಕಾಣಲಿ ಎಂದು. ಮೇಲ್ಮುಖಕ್ಕೆ ಯಾರು ಕೀಸುಳಿ ಹಾಕುತ್ತಾರೆ ಎಂದು ನಕ್ಕರು.

ಎರಡು ಅಂಕಣಕ್ಕೆ ಹೆಂಚು ಹೊದಿಸಿ ಆಗಿದೆ. ಮೂರನೆಯದರ ತೊಲೆಗೆ ಇಟ್ಟಿರುವ ಹಲಸು ಇನ್ನೂ ಭಾರವಿದೆ, ಬೆರಳಿನಿಂದ ತಟ್ಟಿದರೆ ಹಸಿಯ ಸದ್ದು. ಬರುವ ಶಿವರಾತ್ರಿಯ ತನಕ ಅದು ಅಟ್ಟದ ಮೇಲೆ ಒಣಗಬೇಕು.